ಎರೆಯ ಉಪ್ಪು, ಹಟ್ಟಿಯ ಹೊನ್ನು

ಕೃಷ್ಣೆ ತುಂಗಭದ್ರೆಗಳ ನಡುವಣ ಸೀಮೆಯಲ್ಲಿ, ಸಿಂಧನೂರಿನ ಹತ್ತಿರ ನೆಲೆಗೊಂಡಿರುವ ತುರ್ವಿಹಾಳದ ಕಡೆಗೆ, ಬೇಸಿಗೆ ಬೆಳೆಯ ನೆಲ್ಲು ಕೊಯ್ಲಾಗಿ ಕಾಲುವೆಯ ನೀರು ನಿಂತ ದಿನಗಳಲ್ಲಿ ಹೋದವರು, ಕಪ್ಪು ಎರೆಯ ತಗ್ಗಿನ ಮಡಿಗಳಲ್ಲಿ ಅಲ್ಲಲ್ಲಿ, ಯಾರೋ ಸುಣ್ಣದ ಪುಡಿಯನ್ನು ತೂರಿ ಹೋದರೇನೋ ಎಂಬಂತೆ ಬೆಳ್ಳನೆಯ ಪದರವೊಂದು ಹರಡಿರುವುದನ್ನು ಕಾಣದೆ ಇರಲಾರರು. ಬೆರಳಿನಿಂದ ಕೆರೆದು ನಾಲಗೆಗೆ ತಾಗಿಸಿದರೆ ಉಪ್ಪುಪ್ಪಾಗಿ, ತುಸು ಕಹಿಯಾಗಿಯೂ ಇರುವ ಆ ಪದರವನ್ನು ಕುರಿತು ಅಲ್ಲಿಯ ಹಿರಿಯ ಒಕ್ಕಲಿಗರೊಬ್ಬರು ಹೇಳಿದ ಮಾತು ಇದು: “ಹೊಲ ಉಪ್ಪು ಕಾರಾಕತ್ತೈತ್ರಿ.” ಮಾತು ಚೆಲುವಾದುದು; ಆದರೆ ಹೊಲದ ಮೇಲೆ ಪೂರ್ತಿ ಅಪವಾದವನ್ನು ಹೊರಿಸುವುದು ನ್ಯಾಯವಲ್ಲ. ಆ ಉಪ್ಪಿನ ಒಂದು ಪಾಲು ಹಿಂದಿನ ತಿಂಗಳುಗಳಲ್ಲಿ ಅದೇ ಮಡಿಗೆ ತಿಳಿಯಾಗಿ, ಕಣ್ಣಿಗೆ ಯಾವ ಸುಳಿವನ್ನೂ ಕೊಡದೆ, ಕಾಲುವೆಯ ನೀರಿನಲ್ಲಿಯೇ ಹರಿದು ಬಂದುದಾಗಿತ್ತು. ಇನ್ನೊಂದು ಪಾಲು ಮಣ್ಣಿನ ಆಳದಲ್ಲಿ ಅನಾದಿಯಿಂದ ಮಲಗಿದ್ದು, ನೀರು ಎಬ್ಬಿಸಿದ್ದರಿಂದ ಎದ್ದು ಮೇಲಕ್ಕೆ ಬಂದುದಾಗಿತ್ತು. ಹಾಗಾದರೆ ನೀರಿನಲ್ಲಿದ್ದಾಗ ಅದು ಎಲ್ಲಿ ಅಡಗಿತ್ತು?

ಕನ್ನಡದಲ್ಲಿ ‘ಕರಗು’ ಎಂಬ ಒಂದೇ ಕ್ರಿಯಾಪದದಿಂದ ನಾವು ಅನೇಕ ಕೆಲಸಗಳನ್ನು ಮಾಡಿಸಿಕೊಳ್ಳುತ್ತೇವೆ. ಬೆಣ್ಣೆ ಬಾಣಲೆಯಲ್ಲಿ ಕರಗುತ್ತದೆ, ಸಕ್ಕರೆ ಚಹಾದಲ್ಲಿ ಕರಗುತ್ತದೆ, ಕಲ್ಲೆದೆಯೂ ಕಣ್ಣೀರಿಗೆ ಕರಗುತ್ತದೆ, ಅಜ್ಜ ಗಳಿಸಿದ ಆಸ್ತಿ ಮೊಮ್ಮಗನ ಕೈಯಲ್ಲಿ ಕರಗುತ್ತದೆ. ಮೊದಲನೆಯದರಲ್ಲಿ ಘನವೊಂದು ತಾನೊಂದೇ, ಕಾವಿನ ಬಲದಿಂದ ದ್ರವವಾಯಿತು. ಅದಕ್ಕೆ ಮತ್ತೊಬ್ಬರ ಸಂಗ ಬೇಕಾಗಲಿಲ್ಲ. ಎರಡನೆಯದರಲ್ಲಿ ಎರಡು ಪದಾರ್ಥಗಳು ಕೂಡಿದುವು. ರಸಾಯನಶಾಸ್ತ್ರಕ್ಕೆ ಈ ಭೇದ ಮುಖ್ಯವಾದುದರಿಂದ, ಅದು ಎರಡನೆಯದಕ್ಕೆ ವಿಲೀನವಾಗುವುದೆಂಬ ಪ್ರತ್ಯೇಕ ಹೆಸರನ್ನು ಕೊಟ್ಟು, ಕರಗಿಸಿಕೊಳ್ಳುವುದನ್ನು ದ್ರಾವಕವೆಂದೂ, ಕರಗುವುದನ್ನು ದ್ರಾವ್ಯವೆಂದೂ, ಎರಡೂ ಕೂಡಿ ಆದುದನ್ನು ದ್ರಾವಣವೆಂದೂ ಕರೆಯಿತು. ಆಸ್ತಿ ಕರಗಿತೆಂಬ ಪ್ರಯೋಗವೇ ನಮ್ಮನ್ನು ದಾರಿ ತಪ್ಪಿಸುವುದು. ಕರಗುವುದೆಂದರೆ ಇಲ್ಲವಾಗುವುದು ಎಂಬ ಭಾವನೆ ಅದರೊಳಗೆ ಹುದುಗಿದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂಬ ಗಾದೆಯನ್ನು ಹುಟ್ಟಿಸಿದವರಾದರೋ ಹೆಚ್ಚು ಎಚ್ಚರದಿಂದ ನೋಡಿದವರು. ಹುಳಿ ಹೊಳೆಯಿಂದ ಮಾಯವಾಯಿತೆಂದು ಅವರು ಹೇಳಲಿಲ್ಲ, ಸಾರಿಗೆ ಒದಗಲಿಲ್ಲವೆಂದಷ್ಟೇ ವ್ಯಥೆಪಟ್ಟರು.

ಮಳೆಗಾಲದ ಮೊದಲಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆಗೆ ಬರುವ ಕೆಂಪು ನೀರನ್ನು ಒಂದು ಕೊಡದಲ್ಲಿ ಹಿಡಿದಿಡಿ. ಒಂದು ರಾತ್ರಿ ಕಳೆದರೆ ಮಣ್ಣು ತಳಕ್ಕೆ ಇಳಿಯುತ್ತದೆ. ಅವಸರವಿದ್ದರೆ ಪಟಿಕವನ್ನು ಒಂದೆರಡು ಸುತ್ತು ತಿರುವಿದರಾಯಿತು, ಬಟ್ಟೆಯಲ್ಲಿ ಸೋಸಿದರೂ ಕೊಂಚ ನಿಲ್ಲುತ್ತದೆ. ಆದರೆ ಮೇಲೆ ನಿಂತ ತಿಳಿನೀರಿನಲ್ಲಿರುವ ಉಪ್ಪು ವರ್ಷವಿಟ್ಟರೂ ಕೆಳಗಿಳಿಯುವುದಿಲ್ಲ, ಯಾವ ಬಟ್ಟೆಗೂ ಸಿಕ್ಕುವುದಿಲ್ಲ. ಕೊಡದ ಬಾಯಲ್ಲಿ ಎಷ್ಟೋ ತಳದಲ್ಲಿಯೂ ಅಷ್ಟೇ. ಮಣ್ಣಿನ ಕಣ ಎಷ್ಟು ನುಣುಪಾದರೂ ಕೋಟ್ಯಂತರ ಪರಮಾಣುಗಳ ಗುಡ್ಡೆ; ದ್ರಾವಣದಲ್ಲಿರುವ ಉಪ್ಪಾದರೋ ಒಂದೊಂದು ಕಣವಾಗಿ ಬಿಡಿಬಿಡಿಯಾಗಿ ನೀರಿನ ಅಣುಗಳ ಸಂದಣಿಯಲ್ಲಿ ಅಲೆಯುತ್ತಿರುವುದು. ಆ ಸಂದಣಿಯ ನೂಕುನುಗ್ಗಲು ನಿಲ್ಲುವುದೆಂಬುದಿಲ್ಲವಾದ್ದರಿಂದ ಅದಕ್ಕೆ ತಳದಲ್ಲಿ ಕುಳಿತುಕೊಳ್ಳಲು ಬಿಡುವೇ ಇಲ್ಲ.

ಇಷ್ಟು ಗಟ್ಟಿಯಾದ ಉಪ್ಪಿನ ಹರಳನ್ನು ಇಷ್ಟು ಮೆತ್ತಗಿನ ನೀರು ಹೇಗೆ ಬಿಡಿಸುತ್ತದೆ? ಅಡಿಗೆ ಉಪ್ಪನ್ನು ನೀರಿಲ್ಲದೆ, ಕಾವಿನಿಂದಲೇ ದ್ರವ ಮಾಡಬೇಕಾದರೆ 801 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಬೇಕು. ಹರಳಿನಲ್ಲಿ ಧನ ವಿದ್ಯುತ್ತನ್ನು ಹೊತ್ತ ಸೋಡಿಯಮ್ ಅಯಾನುಗಳೂ ಋಣ ವಿದ್ಯುತ್ತನ್ನು ಹೊತ್ತ ಕ್ಲೋರೈಡ್ ಅಯಾನುಗಳೂ ಚದುರಂಗದ ಮನೆಗಳಂತೆ ಒಂದು ಬಿಟ್ಟು ಒಂದು ಕುಳಿತು, ಒಂದನ್ನೊಂದು ಅಷ್ಟು ಬಿಗಿಯಾಗಿ ಸೆಳೆದುಕೊಂಡಿರುತ್ತವೆ. ಅಂಥ ಕೋಟೆ ಚಮಚೆ ನೀರಿಗೆ ಶರಣಾಗಲು ಕಾರಣ ನೀರಿನ ಅಣುವಿನ ಆಕಾರ. ಒಂದು ಆಮ್ಲಜನಕ, ಎರಡು ಜಲಜನಕ. ಈ ಮೂರೂ ನೆಟ್ಟನೆ ಒಂದೇ ಗೆರೆಯಲ್ಲಿ ನಿಂತಿದ್ದರೆ ಲೋಕದ ಕಥೆಯೇ ಬೇರೆಯಾಗುತ್ತಿತ್ತು. ಅವು ಸುಮಾರು 104.5 ಡಿಗ್ರಿಯ ಕೋನದಲ್ಲಿ ಬಾಗಿ, ಕವೆಗೋಲಿನಂತೆ ನಿಂತಿವೆ. ಆಮ್ಲಜನಕ ಎಲೆಕ್ಟ್ರಾನುಗಳನ್ನು ತನ್ನ ಕಡೆಗೆ ಎಳೆದುಕೊಳ್ಳುವ ಸ್ವಭಾವದ್ದಾದುದರಿಂದ ಆ ತುದಿ ತುಸು ಋಣವಾಗಿಯೂ ಜಲಜನಕಗಳ ತುದಿ ತುಸು ಧನವಾಗಿಯೂ ಆಗಿ, ಅಣು ತಾನೇ ಎರಡು ಧ್ರುವಗಳುಳ್ಳ ಪುಟ್ಟದೊಂದು ಅಯಸ್ಕಾಂತದಂತಾಗಿದೆ. ಹರಳಿನ ಅಂಚಿನಲ್ಲಿ ಕುಳಿತ ಸೋಡಿಯಮ್ಮಿನ ಕಡೆಗೆ ನೀರಿನ ಅಣುಗಳು ಆಮ್ಲಜನಕದ ಮುಖ ಮಾಡಿ, ಕ್ಲೋರೈಡಿನ ಕಡೆಗೆ ಜಲಜನಕದ ಮುಖ ಮಾಡಿ ಮುತ್ತಿಕೊಳ್ಳುತ್ತವೆ. ಒಂದರಿಂದ ಆಗದುದನ್ನು ಐದಾರು ಕೂಡಿ ಸಾಧಿಸಿ ಅದನ್ನು ಕಿತ್ತು, ತಾವೇ ಸುತ್ತಲೂ ಕವಚವಾಗಿ ನಿಂತು ಒಳಗೆ ಕರೆದೊಯ್ಯುತ್ತವೆ. ಮರಳಿ ಒಂದಾಗಬೇಕೆಂದರೂ ಅಯಾನುಗಳ ನಡುವಣ ಸೆಳೆತ, ನೀರು ಅಡ್ಡ ಬಂದುದರಿಂದ, ಸುಮಾರು ಎಂಬತ್ತರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ.

ಸಕ್ಕರೆಯ ರೀತಿ ಬೇರೆ. ಅದರ ಅಣು ಒಡೆಯುವುದಿಲ್ಲ, ವಿದ್ಯುತ್ತನ್ನೂ ಹೊರುವುದಿಲ್ಲ. ಅದರ ಮೈಮೇಲೆ ನೀರಿನ ಅಣುಗಳು ಕೈಹಿಡಿಯಬಲ್ಲ ತಾಣಗಳು ಅನೇಕವಿರುವುದರಿಂದ, ಇಡೀ ಅಣುವಾಗಿಯೇ ಗುಂಪಿನಲ್ಲಿ ಸೇರಿಹೋಗುತ್ತದೆ. ಉಪ್ಪು ನೀರಿನಲ್ಲಿ ತಾನಾಗಿಯೇ ಅಯಾನುಗಳಾಗಿ ಬೇರ್ಪಡುತ್ತದೆಂಬ ವಿಚಾರವನ್ನು ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ 1884ರಲ್ಲಿ ಉಪ್ಸಾಲಾ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದ ಪ್ರಬಂಧದಿಂದ ಬೆಳೆಸಿದಾಗ, ಪರೀಕ್ಷಕರು ಅದನ್ನು ಕೆಳದರ್ಜೆಯಲ್ಲಿ ಹೇಗೋ ಉತ್ತೀರ್ಣಗೊಳಿಸಿದರು. 1903ರಲ್ಲಿ ಆತನಿಗೆ ನೊಬೆಲ್ ಬಹುಮಾನ ಬಂದುದು ಅದೇ ವಿಚಾರಕ್ಕಾಗಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಂಥ ಕಡೆಗಳಲ್ಲಿ ಉಪ್ಪೇರಿದ ಸವುಳು ಮಣ್ಣಿನ ಪರೀಕ್ಷೆ ಮಾಡುವವರು ಮಣ್ಣನ್ನು ನೀರಿನಲ್ಲಿ ನೆನೆಸಿ, ಸೋಸಿದ ನೀರಿನಲ್ಲಿ ವಿದ್ಯುತ್ತು ಎಷ್ಟು ಸುಲಭವಾಗಿ ಹರಿಯುತ್ತದೆಂದು ಅಳೆಯುವರಷ್ಟೆ. ಮಾಪಕದ ಮುಳ್ಳು ಮೀಟರಿಗೆ 4 ಡೆಸಿಸೀಮೆನ್ಸನ್ನು ದಾಟಿದರೆ ಅದು ಸವುಳು ಭೂಮಿಯೆಂದು ಎಣಿಕೆಗೆ ಬರುತ್ತದೆ. ಆ ಮುಳ್ಳನ್ನು ಓಡಿಸುವುದು ಅಂದು ಪರೀಕ್ಷಕರು ನಂಬದೆ ಹೋದ ಅಯಾನುಗಳೇ.

ಕೂಡುವುದಕ್ಕೆ ಒಂದು ಲೆಕ್ಕಾಚಾರವೂ ಉಂಟು. ಹರಳನ್ನು ಒಡೆಯಲು ಶಕ್ತಿ ವೆಚ್ಚವಾಗುತ್ತದೆ, ನೀರು ಅಪ್ಪಿಕೊಂಡಾಗ ಶಕ್ತಿ ಬಿಡುಗಡೆಯಾಗುತ್ತದೆ. ಅಡಿಗೆ ಉಪ್ಪಿನಲ್ಲಿ ಆಯವ್ಯಯಗಳು ಬಹುಮಟ್ಟಿಗೆ ಸರಿದೂಗುವುದರಿಂದ ನಮ್ಮ ಕೈಗೆ ಏನೂ ತಿಳಿಯದು. ಯೂರಿಯಾದಲ್ಲಿ ವೆಚ್ಚವೇ ಹೆಚ್ಚು. ಬಕೆಟಿನಲ್ಲಿ ಸ್ವಲ್ಪ ನೀರಿಗೆ ಹೆಚ್ಚು ಯೂರಿಯಾ ಸುರಿದು ಕೈಯಾಡಿಸುವ ರೈತನಿಗೆ, ಏಪ್ರಿಲ್ಲಿನ ರಾಯಚೂರು ಬಿಸಿಲಿನಲ್ಲಿಯೂ ಬೆರಳು ಜುಮ್ಮೆನ್ನುವ ತಂಪು ಬಡಿಯುವುದು ಅದರಿಂದಲೇ. ಕೊರತೆ ಬಿದ್ದ ಶಕ್ತಿಯನ್ನು ದ್ರಾವಣವು ನೀರಿನ ಬಿಸಿಯಿಂದಲೂ ಅವನ ಅಂಗೈಯಿಂದಲೂ ಕಡ ತೆಗೆಯುತ್ತಿರುವುದು. ನಷ್ಟದ ವ್ಯಾಪಾರವಾದರೂ ಯೂರಿಯಾ ಕರಗುವುದೇಕೆಂದರೆ, ಒತ್ತಾಗಿ ಜೋಡಿಸಿಟ್ಟ ಅಣುಗಳು ಅವಕಾಶ ಸಿಕ್ಕೊಡನೆ ಚೆದುರಿ ಬೆರೆಯುವುದೇ ಪ್ರಕೃತಿಯ ಒಲವು. ಜಾತ್ರೆಗೆ ಬಿಟ್ಟ ಶಾಲೆಯ ಮಕ್ಕಳು ಸಾಲಿನಲ್ಲಿ ನಿಲ್ಲಲಾರರು. ಸಲ್ಫ್ಯೂರಿಕ್ ಆಮ್ಲದಲ್ಲಿ ಇದರ ವಿಪರೀತ: ಲಾಭದ ಬಿಸಿ ಎಷ್ಟು ಹೊಮ್ಮುವುದೆಂದರೆ, ಆಮ್ಲಕ್ಕೆ ನೀರು ಸುರಿದರೆ ಸಿಡಿದು ಮೈಮೇಲೆ ಬಂದೀತು, ನೀರಿಗೆ ಆಮ್ಲವನ್ನು ಹನಿಹನಿಯಾಗಿ ಬಿಡತಕ್ಕದ್ದೆಂಬುದು ಪ್ರಯೋಗಾಲಯದ ಮೊದಲ ಪಾಠ.

ನೀರು ಎಲ್ಲರನ್ನೂ ಹೀಗೆ ಬರಮಾಡಿಕೊಳ್ಳುವುದಿಲ್ಲ. ಧ್ರುವಗಳಿಲ್ಲದ ಎಣ್ಣೆಯ ಅಣುವಿನಲ್ಲಿ ನೀರಿಗೆ ಹಿಡಿಯಲು ಹಿಡಿಯೇ ಸಿಕ್ಕದು. ಈ ಭಾಗದಲ್ಲಿ ಬೆಳೆಗೆ ಕೀಟನಾಶಕ ಸಿಂಪಡಿಸುವುದನ್ನು ‘ಎಣ್ಣಿ ಹೊಡಿಯೋದು’ ಎನ್ನುತ್ತಾರೆ. ಆ ಹೆಸರು ಎಷ್ಟು ಯುಕ್ತವೆಂಬುದನ್ನು ಆಡುವವರೇ ಅರಿಯರು. ಅಂಥ ಅನೇಕ ಔಷಧಗಳು ನೀರಿನಲ್ಲಿ ಕರಗದೆ ಎಣ್ಣೆಯಂಥ ದ್ರಾವಕಗಳಲ್ಲಿ ಮಾತ್ರ ಕರಗತಕ್ಕವು. ಡಬ್ಬಿಯಲ್ಲಿ ತಿಳಿಯಾಗಿದ್ದುದು ಪಂಪಿನ ನೀರಿಗೆ ಬಿದ್ದೊಡನೆ ಹಾಲಿನಂತೆ ಬೆಳ್ಳಗಾಗುವುದು ಅದು ಕರಗದುದರ ಗುರುತು. ಸಾಬೂನಿನಂಥ ಮಧ್ಯಸ್ಥ ಪದಾರ್ಥವೊಂದು ಒಂದು ಕೈಯಲ್ಲಿ ಎಣ್ಣೆಯನ್ನೂ ಇನ್ನೊಂದರಲ್ಲಿ ನೀರನ್ನೂ ಹಿಡಿದು ಸಣ್ಣ ಸಣ್ಣ ಹನಿಗಳನ್ನು ತೇಲಿಸಿಡುತ್ತದೆ. ದ್ರಾವಣವಲ್ಲ ಅದು, ರಾಜಿ.

ಕರಗುವವರಿಗೂ ಒಂದು ಮಿತಿ ಉಂಟು. ನೂರು ಗ್ರಾಂ ನೀರು ಸಾಧಾರಣ ಸೆಕೆಯಲ್ಲಿ ಸುಮಾರು 36 ಗ್ರಾಂ ಉಪ್ಪನ್ನು ತಾಳುತ್ತದೆ, ಸಕ್ಕರೆಯನ್ನಾದರೋ ತನ್ನ ಇಮ್ಮಡಿ ತೂಕದಷ್ಟು ಒಳಗೊಳ್ಳುತ್ತದೆ. ಅಲ್ಲಿಂದ ಮುಂದೆ ಎಷ್ಟು ಕರಗುವುದೋ ಅಷ್ಟೇ ಮರಳಿ ಹರಳಾಗುವುದು. ಇದನ್ನು ಪರ್ಯಾಪ್ತ ದ್ರಾವಣವೆನ್ನುವರು. ಕಾಯಿಸಿದರೆ ಸಕ್ಕರೆಗೆ ಸ್ಥಳ ಹೆಚ್ಚುತ್ತದೆ, ಉಪ್ಪಿಗೆ ಅಷ್ಟಾಗಿ ಇಲ್ಲ, ಸುಣ್ಣಕ್ಕೆ ಇದ್ದುದೂ ಕಡಿಮೆಯಾಗುತ್ತದೆ. ಗಾಳಿಯ ಗತಿಯೂ ಸುಣ್ಣದ್ದೇ: 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ 9 ಮಿಲಿಗ್ರಾಂ ಇರಬಲ್ಲ ಆಮ್ಲಜನಕ 30 ಡಿಗ್ರಿಗೆ ಏಳೂವರೆಯ ಆಸುಪಾಸಿಗೆ ಇಳಿಯುವುದರಿಂದ, ಬೇಸಿಗೆಯ ಕೆರೆಯಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತವೆ. ಪರ್ಯಾಪ್ತವಾದ ಪಾಕವನ್ನು ಕದಲಿಸದೆ ತಣಿಯಬಿಟ್ಟು ದಾರ ಇಳಿಬಿಟ್ಟರೆ ಕಲ್ಲುಸಕ್ಕರೆ ಕಟ್ಟುತ್ತದೆ. ನೀರನ್ನು ತಣಿಸುವ ಬದಲು ಆವಿಯಾಗಿಸಿದರೂ ಫಲ ಅದೇ, ಮತ್ತು ಆ ಎರಡನೆಯ ಕೆಲಸವನ್ನು ತುರ್ವಿಹಾಳದ ಬಿಸಿಲು ಯಾವ ಕೂಲಿಯನ್ನೂ ಕೇಳದೆ ಮಾಡುತ್ತದೆ.

ಹೊಸಪೇಟೆಯ ಬಳಿ ತುಂಗಭದ್ರೆಗೆ ಕಟ್ಟಿದ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗೆ ನೀರು ಬಿಟ್ಟಾಗ, ಜೋಳ, ಹತ್ತಿ, ಶೇಂಗಾಗಳಂಥ ಕಡಮೆ ನೀರಿನ ಬೆಳೆಗಳೇ ಎಡದಂಡೆಯ ಬಹುಪಾಲು ನೆಲಕ್ಕೆ ನಿಗದಿಯಾಗಿದ್ದವು. ಬರದ ಸೀಮೆಯ ಬಾಯಾರಿಕೆಯನ್ನು ತಣಿಸುವುದು ಅಂದಿನ ಸಂಕಲ್ಪವೇ ಹೊರತು ಅದನ್ನು ಗದ್ದೆಯ ನಾಡು ಮಾಡುವುದಲ್ಲ. ಆಂಧ್ರದಿಂದ ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡ ರೈತರು ನೆಲ್ಲಿನ ವಿದ್ಯೆಯನ್ನು ತಂದರು. ಅದರ ಆದಾಯವನ್ನು ಕಂಡ ಸ್ಥಳೀಯರು ಜೋಳವನ್ನು ಬಿಟ್ಟರೆಂದು ಯಾರು ತಪ್ಪು ಎಣಿಸಿಯಾರು? ಸಿಂಧನೂರು ಇಂದು ಅಕ್ಕಿಯ ಗಿರಣಿಗಳ ಊರು. ಆದರೆ ನೆಲ್ಲಿಗೆ ನಿಂತ ನೀರು ಬೇಕು, ಎರೆಯಾದರೋ ನೀರನ್ನು ಕೆಳಕ್ಕೆ ಬಿಡದ ಜಿಗುಟು ಮಣ್ಣು. ಒಂದು ಲೆಕ್ಕ ಹಾಕೋಣ. ಕಾಲುವೆಯ ಒಂದು ಲೀಟರ್ ನೀರಿನಲ್ಲಿ 250 ಮಿಲಿಗ್ರಾಂ ಲವಣಗಳಿವೆ ಎಂದೂ (ನಾಲಗೆಗೆ ಅದು ಸಿಹಿನೀರೇ ಸರಿ), ಒಂದು ಬೆಳೆಗೆ ಒಟ್ಟು 1200 ಮಿಲಿಮೀಟರ್ ನೀರು ನಿಲ್ಲಿಸಿದರೆಂದೂ ಹಿಡಿಯೋಣ. ಎಕರೆಗೆ ಸುಮಾರು 48 ಲಕ್ಷ ಲೀಟರ್ ನೀರಾಯಿತು, ಅದರೊಡನೆ ಬಂದ ಲವಣ 12 ಕ್ವಿಂಟಲ್! ಸೂರ್ಯನೂ ಪೈರೂ ನೀರನ್ನು ಒಯ್ಯುತ್ತಾರೆ, ಉಪ್ಪನ್ನು ಬಹುಮಟ್ಟಿಗೆ ಇಲ್ಲಿಯೇ ಬಿಟ್ಟು ಹೋಗುತ್ತಾರೆ. ಅದನ್ನು ತೊಳೆದೊಯ್ಯುವ ಬಸಿಗಾಲುವೆ ಇದ್ದರೆ ಸರಿ. ಹೂಳಿನಿಂದಲೋ ಜಾಲಿಯಿಂದಲೋ ಅದು ಮುಚ್ಚಿದ್ದರೆ ಒಳನೀರು ಮೇಲೇರಿ ನೆಲ ಮೊದಲು ಜವುಳಾಗುತ್ತದೆ, ಆಮೇಲೆ ಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ಆ ನೀರು ಬತ್ತಿಯಲ್ಲಿ ಎಣ್ಣೆ ಏರುವಂತೆ ಏರಿ, ಆಳದ ಉಪ್ಪನ್ನೂ ಕೂಡಿಸಿಕೊಂಡು ಬಂದು, ಮೇಲ್ಗಡೆ ಆರಿ, ಸವುಳಾಗುತ್ತದೆ.

ಸವುಳು ನೆಲದಲ್ಲಿ ಪೈರು ತೇವದ ನಡುವೆಯೇ ಬಾಡುವುದನ್ನು ನೋಡಿ ಹೊಸಬರು ಬೆರಗಾಗುತ್ತಾರೆ. ಉಪ್ಪಿನಕಾಯಿ ಹಾಕುವ ಮನೆಯವರಿಗೆ ಇದರಲ್ಲಿ ಬೆರಗೇನಿಲ್ಲ. ಮಾವಿನ ಹೋಳುಗಳಿಗೆ ಉಪ್ಪು ಬೆರಸಿ ಇಟ್ಟರೆ ಬೆಳಗಾಗುವುದರೊಳಗೆ ಭರಣಿಯಲ್ಲಿ ನೀರೊಡೆದಿರುವುದನ್ನು ಅವರು ವರ್ಷವರ್ಷವೂ ಕಂಡಿದ್ದಾರೆ. ತೆಳು ದ್ರಾವಣದ ಕಡೆಯಿಂದ ಗಟ್ಟಿ ದ್ರಾವಣದ ಕಡೆಗೆ, ಜೀವಕೋಶದ ಪೊರೆಯನ್ನು ದಾಟಿ ನೀರು ಹರಿಯುವ ಈ ವ್ಯಾಪಾರಕ್ಕೆ ಅಭಿಸರಣವೆಂದು ಹೆಸರು. ಬೇರಿನ ಒಳಗಿನ ರಸಕ್ಕಿಂತ ಹೊರಗಿನ ನೀರು ಗಟ್ಟಿಯಾದರೆ ಬೇರು ಕುಡಿಯಲಾರದು. ಇದಕ್ಕಿಂತ ಕೆಟ್ಟುದು ಸೋಡಿಯಮ್ಮೊಂದೇ ಮೇಲುಗೈ ಪಡೆದ ಭೂಮಿ. ಎರೆಯ ಜೇಡಿಕಣಗಳನ್ನು ಕ್ಯಾಲ್ಸಿಯಮ್ ಒಂದುಗೂಡಿಸಿ ಹಿಡಿದಿರುತ್ತದೆ. ಆ ಸ್ಥಾನವನ್ನು ಸೋಡಿಯಮ್ ಆಕ್ರಮಿಸಿದರೆ ಕಣಗಳು ಚೆದುರಿ, ಒದ್ದೆಯಾದಾಗ ಅಂಟಾಗಿ ಒಣಗಿದಾಗ ಕಲ್ಲಾಗಿ, ನೇಗಿಲಿಗೂ ನೀರಿಗೂ ಬಾಗಿಲು ಮುಚ್ಚುತ್ತವೆ. ಅದಕ್ಕೆ ಜಿಪ್ಸಮ್ ಹಾಕುತ್ತಾರೆ. ಜಿಪ್ಸಮ್ಮಿನ ಕ್ಯಾಲ್ಸಿಯಮ್ ತನ್ನ ಪೀಠವನ್ನು ಮರಳಿ ಪಡೆಯುತ್ತದೆ, ಹೊರಬಿದ್ದ ಸೋಡಿಯಮ್ ಸಲ್ಫೇಟಾಗಿ ನೀರಿನಲ್ಲಿ ಕರಗಿ ಹೋಗಲು ಸಿದ್ಧವಾಗುತ್ತದೆ. ಆದರೆ ಜಿಪ್ಸಮ್ ಬಹಳ ಸಂಕೋಚದ ದ್ರಾವ್ಯ, ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಮಾತ್ರ ಕರಗುವುದು. ಐವತ್ತು ಕಿಲೋದ ಒಂದು ಚೀಲ ಪೂರ್ತಿ ಕರಗಲು ಸುಮಾರು ಇಪ್ಪತ್ತು ಸಾವಿರ ಲೀಟರ್ ನೀರು ಬೇಕು, ಕರಗಿದ ಮೇಲೆ ಆ ನೀರು ಹೊರಗೆ ಹೋಗಲು ದಾರಿಯೂ ಬೇಕು. ಬಸಿಗಾಲುವೆಯಿಲ್ಲದೆ ಜಿಪ್ಸಮ್ ಚೆಲ್ಲಿ ಫಲ ಕಾಣಲಿಲ್ಲವೆಂದು ಬೈಯುವವರು ಈ ಎರಡನೆಯ ಮಾತನ್ನು ಮರೆತವರು.

ಸವುಳು ಮಣ್ಣು ಎಲ್ಲ ಕಾಲದಲ್ಲಿಯೂ ಶಾಪವೇ ಆಗಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಉಪ್ಪಾರರೆಂಬ ಸಮುದಾಯದ ಹೆಸರೇ ಅವರ ಹಳೆಯ ಕಸುಬನ್ನು ಸಾರುತ್ತದೆ. ಬೆಳ್ಳಗಾದ ಮೇಲ್ಮಣ್ಣನ್ನು ಕೆರೆದು ತಂದು, ನೀರು ಸುರಿದು, ಇಳಿದ ಉಪ್ಪುನೀರನ್ನು ಬಿಸಿಲಿನಲ್ಲಿ ಒಣಗಿಸಿಯೋ ಒಲೆಯ ಮೇಲೆ ಬತ್ತಿಸಿಯೋ ಮಣ್ಣುಪ್ಪನ್ನು ತೆಗೆಯುತ್ತಿದ್ದರು. ಕರಗಿಸಿ, ಸೋಸಿ, ಹರಳುಗಟ್ಟಿಸುವ ಮೂರು ಸಂಸ್ಕಾರಗಳನ್ನು ರಸಾಯನಶಾಸ್ತ್ರದ ಹೆಸರನ್ನೇ ಕೇಳದೆ ನಡೆಸಿದವರು ಅವರು.

ಇದೇ ಮೂರು ಸಂಸ್ಕಾರಗಳು ಬೇರೊಂದು ವೇಷದಲ್ಲಿ ನಡೆಯುವುದನ್ನು ನೋಡಬೇಕಾದರೆ ಮಸ್ಕಿಯನ್ನು ದಾಟಿ ಲಿಂಗಸುಗೂರು ತಾಲೂಕಿನ ಹಟ್ಟಿಗೆ ಹೋಗಬೇಕು. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರುಳ್ಳ ಶಾಸನವನ್ನು ಕಂಡ ಬೀಡನ್ ಎಂಬಾತ ಚಿನ್ನವನ್ನು ಅರಸುತ್ತಿದ್ದ ಎಂಜಿನಿಯರು. ಈ ನೆಲ ಹೊನ್ನಿಗಾಗಿ ಅಗೆಯಲ್ಪಟ್ಟುದಾದರೋ ಬಹು ಪ್ರಾಚೀನ ಕಾಲದಿಂದ. ಹಟ್ಟಿಯ ಹಿಂದಿನವರು ಬಂಡೆಯನ್ನು ಬೆಂಕಿಯಿಂದ ಕಾಯಿಸಿ ನೀರು ಹೊಯ್ದು ಸೀಳಿಸಿ, ಆರುನೂರು ಅಡಿಗೂ ಆಳಕ್ಕೆ ಇಳಿದಿದ್ದರು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂದು ಆರಂಭವಾಗಿ, 1956ರಲ್ಲಿ ಹಟ್ಟಿ ಗೋಲ್ಡ್ ಮೈನ್ಸ್ ಎಂದು ಹೆಸರು ಬದಲಿಸಿಕೊಂಡ ಕಂಪನಿ ಇಂದಿಗೂ ಅಲ್ಲಿ ಗಣಿ ನಡೆಸುತ್ತಿದೆ. ಒಂದು ಟನ್ ಕಲ್ಲಿನಲ್ಲಿ ಇರುವುದು ಕೆಲವೇ ಗ್ರಾಂ ಚಿನ್ನ, ಅದೂ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಲ್ಲಿ. ಅದನ್ನು ಆರಿಸಬಲ್ಲ ಚಿಮುಟವಿಲ್ಲ, ಜರಡಿಯಿಲ್ಲ, ಕರಗಿಸಿ ತೆಗೆಯಬೇಕು. ಆದರೆ ನೀರಿಗೂ ಗಾಳಿಗೂ ಸಾಮಾನ್ಯ ಆಮ್ಲಗಳಿಗೂ ಜಗ್ಗದುದರಿಂದಲೇ ಅಲ್ಲವೆ ಚಿನ್ನ ಚಿನ್ನವೆನಿಸಿಕೊಂಡದ್ದು?

ಅದರ ಗರ್ವವನ್ನು ಮುರಿಯುವ ಉಪಾಯವನ್ನು ಮ್ಯಾಕ್‌ಆರ್ಥರ್ ಎಂಬ ರಸಾಯನಜ್ಞನೂ ಫಾರೆಸ್ಟ್ ಸೋದರರೂ 1887ರಲ್ಲಿ ಗ್ಲಾಸ್ಗೋದಲ್ಲಿ ಕೈಗಾರಿಕೆಗೆ ಒದಗಿಸಿದರು. ಹಿಟ್ಟಿನಂತೆ ಅರೆದ ಕಲ್ಲಿನ ಕೆಸರಿಗೆ ಸೋಡಿಯಮ್ ಸಯನೈಡಿನ ತೆಳುವಾದ ದ್ರಾವಣವನ್ನು ಸೇರಿಸಿ ಗಾಳಿಯೂದಿದರೆ, ಗಾಳಿಯ ಆಮ್ಲಜನಕ ಚಿನ್ನದ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಸಿಯುತ್ತದೆ, ಹಾಗೆ ಬಡವಾದ ಚಿನ್ನವನ್ನು ಎರಡು ಸಯನೈಡುಗಳು ಎರಡು ಪಕ್ಕದಲ್ಲಿ ಹಿಡಿದು ನೀರಿನೊಳಗೆ ಎಳೆದುಕೊಳ್ಳುತ್ತವೆ. ಸಕ್ಕರೆ ಕರಗಿದಂಥ ಕರಗುವಿಕೆಯಲ್ಲ ಇದು. ಸಕ್ಕರೆಯ ನೀರನ್ನು ಬತ್ತಿಸಿದರೆ ಸಕ್ಕರೆ ಸಿಕ್ಕುತ್ತದೆ, ಈ ನೀರನ್ನು ಬತ್ತಿಸಿದರೆ ಸಿಕ್ಕುವುದು ಚಿನ್ನವಲ್ಲ, ಚಿನ್ನವನ್ನೊಳಗೊಂಡ ವಿಷಲವಣ. ಆದುದರಿಂದ ಇದ್ದಿಲಿನ ಕಾಳುಗಳಿಗೆ ಅದನ್ನು ಹೀರಿಸಿಯೋ ಸತುವಿನ ಪುಡಿಯಿಂದ ಹೊರದೂಡಿಯೋ ಹೊನ್ನನ್ನು ಬಿಡಿಸಿಕೊಳ್ಳುವುದು ಈ ವಿಧಾನದ ಕ್ರಮ. ಈ ಕೆಸರಿನಲ್ಲಿ ಸುಣ್ಣವನ್ನು ತಪ್ಪದೆ ಬೆರಸಿಟ್ಟಿರಬೇಕು. ದ್ರಾವಣ ಆಮ್ಲದ ಕಡೆಗೆ ವಾಲಿದರೆ ಸಯನೈಡು ಪ್ರಾಣಾಂತಕ ಅನಿಲವಾಗಿ ಹಾರುತ್ತದೆ. ಗೋಡೆಗೆ ಬಳಿಯುವ ಬಡ ಸುಣ್ಣ ಅಲ್ಲಿ ಕಾರ್ಮಿಕರ ಪ್ರಾಣವನ್ನು ಕಾಯುವ ಕಾವಲುಗಾರ.

ರಾಯಚೂರು ಜಿಲ್ಲೆಯ ಅನೇಕ ಹಳ್ಳಿಗಳ ಕೊಳವೆಬಾವಿಗಳಲ್ಲಿ ನೀರು ಇನ್ನೊಂದು ದ್ರಾವ್ಯವನ್ನು ಯಾರ ಅಪ್ಪಣೆಯೂ ಇಲ್ಲದೆ ಕರಗಿಸಿ ತರುತ್ತದೆ. ಗ್ರಾನೈಟಿನ ಜಾತಿಯ ಕಲ್ಲುಗಳಲ್ಲಿ ಫ್ಲೋರೈಡ್ ಉಂಟು. ನೀರಿನಲ್ಲಿ ಕ್ಯಾಲ್ಸಿಯಮ್ ಸಾಕಷ್ಟಿದ್ದರೆ ಅದು ಫ್ಲೋರೈಡನ್ನು ಹಿಡಿದು ಹರಳಾಗಿ ಕೂರಿಸುತ್ತದೆ, ಕ್ಯಾಲ್ಸಿಯಮ್ ತಗ್ಗಿ ಸೋಡಿಯಮ್ ಹೆಚ್ಚಿದ ಕಡೆ ಹಿಡಿಯುವವರಿಲ್ಲದೆ ಅದು ನೀರಿನಲ್ಲಿ ಉಳಿಯುತ್ತದೆ. ಲೀಟರಿಗೆ ಒಂದೂವರೆ ಮಿಲಿಗ್ರಾಮಿಗೆ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲಿನಲ್ಲಿ, ಪ್ರಮಾಣ ಇನ್ನೂ ಏರಿದರೆ ಮೂಳೆಯಲ್ಲಿ ಅದರ ಗುರುತು ಮೂಡುತ್ತದೆ. ಕುದಿಸಿದರೆ ಹೋದೀತೆಂದು ನಂಬುವ ತಾಯಂದಿರು ಉಂಟು. ಕುದಿಸಿದರೆ ಹೋಗುವುದು ನೀರು, ಉಳಿದ ನೀರಿನಲ್ಲಿ ಫ್ಲೋರೈಡ್ ಮೊದಲಿಗಿಂತ ಗಟ್ಟಿಯಾಗುತ್ತದೆ.

ಆದ್ದರಿಂದ ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ. ನಾಣ್ಯ ಹಾಕಿ ಕೊಡ ತುಂಬಿಸಿಕೊಳ್ಳುವ ಜನ ಅದನ್ನು ‘ಫಿಲ್ಟರ್ ನೀರು’ ಎನ್ನುತ್ತಾರೆ. ಸೋಸಿದರೆ ಉಪ್ಪು ಸಿಕ್ಕದೆಂದು ಮೇಲೆ ಹೇಳಿದೆನಷ್ಟೆ, ಅಲ್ಲಿ ನಡೆಯುವುದು ಬರಿಯ ಸೋಸುವಿಕೆಯಲ್ಲ. ಉಪ್ಪಿನಕಾಯಿಯ ಭರಣಿಯಲ್ಲಿ ತಾನಾಗಿ ನಡೆದ ಅಭಿಸರಣವನ್ನು ಪಂಪಿನ ಒತ್ತಡದಿಂದ ಹಿಂದುಮುಂದಾಗಿಸಿ, ಗಟ್ಟಿ ನೀರಿನ ಕಡೆಯಿಂದ ನೀರಿನ ಅಣುಗಳನ್ನು ಮಾತ್ರ ಪೊರೆಯ ಈಚೆಗೆ ಹಿಂಡುತ್ತಾರೆ. ಪೊರೆಯ ಆಚೆಗೆ ಉಳಿದ ಲವಣಗಳಿಗೂ ಒಂದು ಗತಿ ಬೇಕಲ್ಲವೆ? ಅವನ್ನು ಹೊತ್ತ ಇನ್ನೊಂದು ನೀರಿನ ಧಾರೆ ಘಟಕದ ಹಿಂಬದಿಯ ಸಣ್ಣ ಪೈಪಿನಿಂದ ದಿನವಿಡೀ ಚರಂಡಿಗೆ ಸುರಿಯುತ್ತಿರುತ್ತದೆ. ಮುಂಬದಿಯಲ್ಲಿ ಸರತಿಯಲ್ಲಿ ನಿಂತ ಕೊಡಗಳನ್ನು ನೋಡಿ ಮುಗಿದ ಮೇಲೆ ಒಮ್ಮೆ ಹಿಂದಕ್ಕೆ ಹೋಗಿ ನೋಡಿದರೆ, ಚರಂಡಿಯ ಅಂಚಿನ ಕಪ್ಪು ಎರೆಯ ಮೇಲೆ, ಮಾರ್ಚ್ ತಿಂಗಳಿನ ಹೊತ್ತಿಗೆ, ಸುಣ್ಣದ ಪುಡಿ ತೂರಿದಂಥ ಅದೇ ಬೆಳ್ಳನೆಯ ಪದರ ಮೂಡತೊಡಗಿರುತ್ತದೆ.